ಒಂದೇ ಲಾರಿ, ಹಲವು ಸೈನ್ಯ: ಎರಡನೆಯ ಮಹಾಯುದ್ಧದ ಲಾರಿಗಳನ್ನು ಗುರುತಿಸುವ ಬಗೆ

(ಸಂಘದ ಉಪನ್ಯಾಸ ಮಾಲಿಕೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಈ ವೇದಿಕೆಯಿಂದ ಸಾಹಿತ್ಯ, ಸಂಗೀತ, ಅಧ್ಯಾತ್ಮಗಳನ್ನು ಕುರಿತ ಉಪನ್ಯಾಸಗಳನ್ನು ಕೇಳುತ್ತ ಬಂದಿರುವ ತಮ್ಮ ಮುಂದೆ ನಾವು ಇಂದು ಹಳೆಯ ಮಿಲಿಟರಿ ಲಾರಿಗಳ ವಿಷಯವನ್ನು ಇರಿಸುತ್ತಿದ್ದೇವೆ. ವೈದ್ಯರಿಂದ ಮಧುಮೇಹ, ರಕ್ತದೊತ್ತಡಗಳ ಬಗೆಗೆ ನಾಲ್ಕು ಹಿತವಚನಗಳನ್ನು ನಿರೀಕ್ಷಿಸಿ ಬಂದವರು ದಯವಿಟ್ಟು ಮನ್ನಿಸಬೇಕು. ಆದರೂ ಈ ವಿಷಯ ನಮ್ಮ ವೃತ್ತಿಗೆ ತೀರ ಹೊರಗಿನದೇನೂ ಅಲ್ಲ. ಎದುರಿಗಿರುವ ದೇಹವನ್ನು ಕಣ್ಣಿಟ್ಟು ನೋಡಿ, ಯಾವ ಲಕ್ಷಣ ನಂಬತಕ್ಕದ್ದು, ಯಾವುದು ದಾರಿ ತಪ್ಪಿಸತಕ್ಕದ್ದು ಎಂದು ವಿಂಗಡಿಸಿ, ಒಂದು ನಿರ್ಣಯಕ್ಕೆ ಬರುವ ಕೆಲಸ ಎರಡು ಕಡೆಯೂ ಒಂದೇ ಆಗಿದೆ.

ಹಳೆಯ ಲಾರಿಯನ್ನು ಗುರುತಿಸಿ ಆಗಬೇಕಾದುದೇನು ಎಂಬ ಪ್ರಶ್ನೆಗೆ ಮೊದಲು ಉತ್ತರ ಹೇಳಬೇಕು. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಭಾರತೀಯ ಸೈನ್ಯದಲ್ಲಿ ಸುಮಾರು 25 ಲಕ್ಷ ಜನರಿದ್ದರು. ಬಲವಂತದ ಸೈನ್ಯಭರ್ತಿಯಿಲ್ಲದೆ ಕೂಡಿಸಿದ ಸೈನ್ಯಗಳಲ್ಲಿ ಅಷ್ಟು ದೊಡ್ಡದು ಅದುವರೆಗೆ ಇರಲಿಲ್ಲ. ಅವರಲ್ಲಿ ಲಕ್ಷಾಂತರ ಮಂದಿ ಬಂದೂಕಿಗಿಂತ ಹೆಚ್ಚಾಗಿ ಸ್ಟೀರಿಂಗ್ ಚಕ್ರವನ್ನೋ, ಸಲಿಕೆಯನ್ನೋ, ಸ್ಪ್ಯಾನರನ್ನೋ ಹಿಡಿದವರು. ಅಂಥವರ ಮನೆಗಳ ಹಳೆಯ ಟ್ರಂಕುಗಳಲ್ಲಿ ಒಂದು ಬಗೆಯ ಭಾವಚಿತ್ರ ಇಂದಿಗೂ ಸಿಗುತ್ತದೆ: ಸಮವಸ್ತ್ರ ತೊಟ್ಟ ತರುಣನೊಬ್ಬ ಲಾರಿಯ ಮಡ್‌ಗಾರ್ಡಿಗೆ ಕೈಯೂರಿ ನಿಂತಿದ್ದಾನೆ. ಹಿಂಬದಿಯಲ್ಲಿ ಊರಿನ ಹೆಸರಿಲ್ಲ, ತಾರೀಖಿಲ್ಲ. ಆತ ತೀರಿಹೋಗಿ ಎಷ್ಟೋ ವರ್ಷಗಳಾಗಿವೆ. ಬದುಕಿದ್ದಾಗಲೂ ಯುದ್ಧದ ಮಾತನ್ನು ಹೆಚ್ಚು ಆಡಿದವನಲ್ಲ. ಚಿತ್ರದಲ್ಲಿ ಇನ್ನೂ ಸಾಕ್ಷಿ ನುಡಿಯಬಲ್ಲದ್ದು ಒಂದೇ, ಅದು ಆ ಲಾರಿ. ಅದರ ಭಾಷೆ ನಮಗೆ ತಿಳಿದಿದ್ದರೆ ಆ ತರುಣ ಯಾವ ಕಾಲದಲ್ಲಿ, ಯಾವ ಸೈನ್ಯದ ಜೊತೆಗೆ ನಿಂತಿದ್ದನೆಂಬುದನ್ನು ಸ್ವಲ್ಪಮಟ್ಟಿಗಾದರೂ ಹೇಳಬಹುದು.

ಲಾರಿಯೊಂದರ ಗುರುತು ಎಂದರೆ ಒಂದು ಹೆಸರಲ್ಲ, ಮೂರು ಪ್ರಶ್ನೆಗಳಿಗೆ ಉತ್ತರ. ಅದನ್ನು ತಯಾರಿಸಿದವರು ಯಾರು? ಯಾರ ಬೇಡಿಕೆಗೆ ತಕ್ಕಂತೆ ತಯಾರಿಸಿದರು? ಕೊನೆಗೆ ಬಳಸಿದವರು ಯಾರು? ಶಾಂತಿಕಾಲದಲ್ಲಿ ಈ ಮೂರಕ್ಕೂ ಉತ್ತರ ಒಂದೇ ಇರಬಹುದು. ಆ ಯುದ್ಧದಲ್ಲಿ ಹಾಗಿರಲಿಲ್ಲ. ಕೆನಡಾದಲ್ಲಿ ಹುಟ್ಟಿದ ಲಾರಿ ಬ್ರಿಟನ್ನಿನ ನಿಯಮಕ್ಕೆ ಬದ್ಧವಾಗಿ, ಭಾರತೀಯ ಸೈನಿಕನ ಕೈಯಲ್ಲಿ, ಇಟಲಿಯ ಬೆಟ್ಟಗಳಲ್ಲಿ ಓಡಿತು. ಅಮೆರಿಕದ ಇಂಡಿಯಾನಾ ರಾಜ್ಯದ ಲಾರಿ ಇರಾನಿನ ಮಾರ್ಗವಾಗಿ ರಷ್ಯಾದ ಹಿಮದಲ್ಲಿ ಓಡಿತು. ಮೂರು ಉತ್ತರಗಳನ್ನೂ ಬೇರೆ ಬೇರೆಯಾಗಿ ಹುಡುಕದೆ, ಮೇಲಿನ ಬಣ್ಣ ನೋಡಿ ಒಂದೇ ಮಾತಿನಲ್ಲಿ ತೀರ್ಪು ಕೊಡುವವರು ಎಡವುವುದು ಇಲ್ಲಿಯೇ.

ನಾವು ನೆಲೆಸಿರುವ ಈ ಒಂಟಾರಿಯೋ ಪ್ರಾಂತದಿಂದಲೇ ಆರಂಭಿಸೋಣ. 1940ರ ಬೇಸಗೆಯಲ್ಲಿ ಬ್ರಿಟಿಷ್ ಸೈನ್ಯ ಡಂಕರ್ಕಿನಿಂದ ಹಿಂದಿರುಗುವಾಗ ಫ್ರಾನ್ಸಿನ ನೆಲದಲ್ಲಿ 60,000ಕ್ಕೂ ಹೆಚ್ಚು ವಾಹನಗಳನ್ನು ಬಿಟ್ಟು ಬರಬೇಕಾಯಿತು. ಆ ಕೊರತೆಯನ್ನು ತುಂಬುವ ಹೊರೆಯ ದೊಡ್ಡ ಪಾಲು ಕೆನಡಾದ ಮೇಲೆ ಬಿತ್ತು. ಆಗ ಈ ದೇಶದ ಜನಸಂಖ್ಯೆ ಸುಮಾರು 1 ಕೋಟಿ 10 ಲಕ್ಷ ಮಾತ್ರ. ಅಷ್ಟು ಚಿಕ್ಕ ದೇಶ ಯುದ್ಧಕಾಲದಲ್ಲಿ 8 ಲಕ್ಷಕ್ಕೂ ಮಿಕ್ಕಿ ಮಿಲಿಟರಿ ವಾಹನಗಳನ್ನು ತಯಾರಿಸಿಕೊಟ್ಟಿತು. ಅವುಗಳಲ್ಲಿ 4 ಲಕ್ಷಕ್ಕೂ ಹೆಚ್ಚು ‘ಕೆನೇಡಿಯನ್ ಮಿಲಿಟರಿ ಪ್ಯಾಟರ್ನ್’ ಎಂಬ ಒಂದೇ ಮಾದರಿಯ ಕುಟುಂಬಕ್ಕೆ ಸೇರಿದ ಲಾರಿಗಳು. ವಿಂಡ್ಸರಿನಲ್ಲಿ ಫೋರ್ಡ್ ಕಂಪನಿಯೂ ಆಶವಾದಲ್ಲಿ ಜನರಲ್ ಮೋಟಾರ್ಸ್ ಕಂಪನಿಯೂ ಸ್ಪರ್ಧೆಯನ್ನು ಬದಿಗಿಟ್ಟು ಒಂದೇ ನಕ್ಷೆಯ ಲಾರಿಯನ್ನು ತಯಾರಿಸಿದವು.

ಈ ಕುಟುಂಬವನ್ನು ದೂರದಿಂದಲೇ ಗುರುತಿಸಬಹುದು. ಮೂತಿ ಮೊಂಡು. ಬಾನೆಟ್ಟು ಗಿಡ್ಡ, ಡ್ರೈವರನ ಕ್ಯಾಬಿನ್ ಮುಂದಕ್ಕೆ ತಳ್ಳಿದಂತೆ ಕುಳಿತಿರುತ್ತದೆ, ಸ್ಟೀರಿಂಗ್ ಬಲಗಡೆಗಿರುತ್ತದೆ. ಇದು ಚೆಂದಕ್ಕಾಗಿ ಮಾಡಿದ್ದಲ್ಲ. ಹಡಗಿನ ಒಡಲಲ್ಲಿ ಪ್ರತಿಯೊಂದು ಅಡಿಯ ಜಾಗವೂ ಅಮೂಲ್ಯವಾಗಿದ್ದುದರಿಂದ ಲಾರಿಯ ಉದ್ದ ಕಡಿಮೆಯಿರಬೇಕೆಂದು ಬ್ರಿಟಿಷರು ವಿಧಿಸಿದ್ದರು. ಸ್ಟೀರಿಂಗ್ ಬಲಗಡೆಗೆ ಇರಬೇಕೆಂಬುದೂ ಅವರದೇ ನಿಯಮ. ಉತ್ತರ ಅಮೆರಿಕದ ದೊಡ್ಡ ಇಂಜಿನ್ನನ್ನು ಆ ಗಿಡ್ಡ ಮೂತಿಯೊಳಗೆ ತುರುಕಿದ್ದರಿಂದ ಕ್ಯಾಬಿನ್ನು ಇಕ್ಕಟ್ಟಾಯಿತು, ಅದರ ಕಷ್ಟವನ್ನು ಅನುಭವಿಸಿದವನು ಡ್ರೈವರು. ಹೀಗೆ ಲಾರಿಯ ಮುಖವನ್ನು ನೋಡಿದ ಮಾತ್ರಕ್ಕೆ ನಮ್ಮ ಎರಡನೆಯ ಪ್ರಶ್ನೆಗೆ ಉತ್ತರ ದೊರೆಯುತ್ತದೆ: ಇದು ಬ್ರಿಟಿಷ್ ಸಾಮ್ರಾಜ್ಯದ ಸೈನ್ಯಗಳಿಗಾಗಿ ಮಾಡಿದ್ದು.

ಇನ್ನು ಮೊದಲನೆಯ ಪ್ರಶ್ನೆ. ಒಂದೇ ನಕ್ಷೆಯ ಲಾರಿಯಾದರೆ ಫೋರ್ಡ್ ಯಾವುದು, ಶೆವರ್ಲೆ ಯಾವುದು ಎಂದು ಹೇಗೆ ಹೇಳುವುದು? ರೇಡಿಯೇಟರಿನ ಮುಂದಿರುವ ತಂತಿಯ ಜಾಲರಿಯನ್ನು ನೋಡಬೇಕು. ಜಾಲರಿಯ ಕಣ್ಣುಗಳು ನೆಟ್ಟಗೆ ಚೌಕವಾಗಿದ್ದರೆ ಫೋರ್ಡ್. ಇಸ್ಪೀಟಿನ ಡೈಮಂಡಿನಂತೆ ಓರೆಯಾಗಿದ್ದರೆ ಶೆವರ್ಲೆ. ಹಳೆಯ ಚಿತ್ರದಲ್ಲಿ ಲಾರಿ ಕಣ್ಣಳತೆಯ ದೂರದಲ್ಲಿದ್ದರೆ, ಒಂದು ಭೂತಕನ್ನಡಿ ಹಿಡಿದು ಈ ನಿರ್ಣಯವನ್ನು ಮಾಡಬಹುದು. ಲಾರಿಯೇ ಎದುರಿಗಿದ್ದು ಓಡುವ ಸ್ಥಿತಿಯಲ್ಲಿದ್ದರೆ ಕಿವಿಯೂ ಸಹಾಯಕ್ಕೆ ಬರುತ್ತದೆ. ಫೋರ್ಡಿನದು ಎಂಟು ಸಿಲಿಂಡರುಗಳ ವಿ-8 ಇಂಜಿನ್, ಶೆವರ್ಲೆಯದು ಸಾಲಾಗಿ ನಿಂತ ಆರು ಸಿಲಿಂಡರುಗಳದು. ಹೃದಯದ ಬಡಿತದಲ್ಲಿ ಅಭ್ಯಾಸವಾದ ಕಿವಿಗೆ ಈ ಎರಡರ ಲಯಭೇದ ತಿಳಿಯಲು ಬಹಳ ಹೊತ್ತು ಬೇಕಿಲ್ಲ.

ಕಾಲನಿರ್ಣಯಕ್ಕೆ ಕ್ಯಾಬಿನ್ನನ್ನು ನೋಡಬೇಕು. ಈ ಲಾರಿಗಳಿಗೆ ಕ್ರಮವಾಗಿ ಮೂರು ಕ್ಯಾಬಿನ್ನುಗಳು ಬಂದವು. ಅವುಗಳ ಸಂಖ್ಯೆ 11, 12 ಮತ್ತು 13. ಮೊದಲನೆಯದು 1940ರದು. ಎರಡನೆಯದು 1941ರಲ್ಲಿ ಬಂತು. ಅದರ ಬಾನೆಟ್ಟು ಮೊಸಳೆಯ ಬಾಯಿಯಂತೆ ಮುಂದಿನಿಂದ ಮೇಲಕ್ಕೆ ತೆರೆಯುವುದರಿಂದ ಅದಕ್ಕೆ ‘ಆಲಿಗೇಟರ್’ ಎಂಬ ಅಡ್ಡಹೆಸರು. ಮೂರನೆಯದು 1941ರ ಕೊನೆಯಲ್ಲಿ ಆರಂಭವಾಗಿ ಯುದ್ಧ ಮುಗಿಯುವವರೆಗೂ ನಡೆಯಿತು. ಅದನ್ನು ಗುರುತಿಸುವುದು ಅತಿ ಸುಲಭ. ಮುಂಭಾಗದ ಎರಡು ಗಾಜುಗಳು ತುಸು ಕೆಳಮುಖವಾಗಿ, ಹಣೆ ಮುಂದೆ ಚಾಚಿದಂತೆ ಬಾಗಿರುತ್ತವೆ. ಬಿಸಿಲಿನ ಝಳ ಡ್ರೈವರನ ಕಣ್ಣಿಗೆ ರಾಚಬಾರದು, ಗಾಜಿನ ಮಿಂಚು ಮೇಲೆ ಹಾರುವ ಶತ್ರುವಿಮಾನಕ್ಕೆ ಕಾಣಿಸಬಾರದು ಎಂಬುದು ಇದರ ಉದ್ದೇಶ.

ಇದರ ಪ್ರಯೋಜನವನ್ನು ಒಂದು ಉದಾಹರಣೆಯಿಂದ ಹೇಳಬಹುದು. ಚಿತ್ರದ ಕೆಳಗೆ ‘ಉತ್ತರ ಆಫ್ರಿಕಾ, 1940’ ಎಂದು ಬರೆದಿದೆ, ಲಾರಿಯ ಗಾಜು ಮಾತ್ರ ಕೆಳಮುಖವಾಗಿ ಬಾಗಿದೆ ಎಂದುಕೊಳ್ಳಿ. ಬರೆಹ ತಪ್ಪು ಎಂದು ನಿಸ್ಸಂಶಯವಾಗಿ ಹೇಳಬಹುದು, ಏಕೆಂದರೆ ಆ ಕ್ಯಾಬಿನ್ನು ಆಗ ಹುಟ್ಟಿರಲಿಲ್ಲ. ಆದರೆ ಇದಕ್ಕೆ ವಿರುದ್ಧವಾದ ತರ್ಕ ಸಲ್ಲದು. 1940ರ ಕ್ಯಾಬಿನ್ನು ಕಂಡೊಡನೆ ಚಿತ್ರವೂ 1940ರದೆಂದು ಹೇಳುವಂತಿಲ್ಲ. ಕೆಟ್ಟು ಹೋಗುವತನಕ ಯಾವ ಸೈನ್ಯವೂ ಲಾರಿಯನ್ನು ಎಸೆಯುವುದಿಲ್ಲ. 1940ರ ಲಾರಿ 1945ರಲ್ಲಿಯೂ ಓಡುತ್ತಿರಬಹುದು. ಲಾರಿಯ ಲಕ್ಷಣ ‘ಇದಕ್ಕೆ ಮೊದಲಲ್ಲ’ ಎಂಬ ಎಲ್ಲೆಯನ್ನು ಕೊಡುತ್ತದೆಯೇ ಹೊರತು ‘ಇದರ ನಂತರವಲ್ಲ’ ಎಂಬ ಎಲ್ಲೆಯನ್ನು ಕೊಡುವುದಿಲ್ಲ.

ಈ ಲಾರಿಗಳ ಹೆಸರುಗಳೂ ಬೀಗದ ಕೈಯಂತಿವೆ. ‘ಸಿ 60 ಎಲ್’ ಎಂಬ ಹೆಸರನ್ನು ತೆಗೆದುಕೊಳ್ಳಿ. ‘ಸಿ’ ಎಂದರೆ ಶೆವರ್ಲೆ, ಅದರ ಜಾಗದಲ್ಲಿ ‘ಎಫ್’ ಇದ್ದರೆ ಫೋರ್ಡ್. 60 ಎಂಬುದು ಹೊರೆಯ ಲೆಕ್ಕ, 60 ಹಂಡ್ರೆಡ್‌ವೇಟ್, ಅಂದರೆ 3 ಟನ್. ಒಂದು ಹಂಡ್ರೆಡ್‌ವೇಟ್ ಸುಮಾರು 50 ಕಿಲೋಗ್ರಾಂ. ‘ಎಲ್’ ಎಂದರೆ ಉದ್ದನೆಯ ಚಾಸಿ, ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಣ ಅಂತರ ಸುಮಾರು 158 ಅಂಗುಲ. ‘ಎಸ್’ ಎಂದರೆ ಗಿಡ್ಡ ಚಾಸಿ, ಅಂತರ ಸುಮಾರು 134 ಅಂಗುಲ. ಒಂದೇ ಚಾಸಿಯ ಮೇಲೆ ಸರಕಿನ ಪೆಟ್ಟಿಗೆ, ಆಂಬುಲೆನ್ಸ್, ನೀರಿನ ಟ್ಯಾಂಕು, ರಿಪೇರಿ ಕಾರ್ಖಾನೆ, ವೈರ್‌ಲೆಸ್ ಕೋಣೆ ಹೀಗೆ ಬೇಕಾದ ಒಡಲನ್ನು ಕೂರಿಸುತ್ತಿದ್ದರು. ಆದ್ದರಿಂದ ಒಡಲನ್ನು ನೋಡಿ ಚಾಸಿಯನ್ನು ಊಹಿಸಬಾರದು.

ಅಮೆರಿಕದ ಲಾರಿಗಳಿಗೆ ಬಂದರೆ ಪರೀಕ್ಷೆಯ ಕ್ರಮ ಬದಲಾಗುತ್ತದೆ. ಅಲ್ಲಿಯ ಸೈನ್ಯದ ಬೆನ್ನೆಲುಬು ಎರಡೂವರೆ ಟನ್ನಿನ ಆರು ಗಾಲಿಯ ಲಾರಿ. ಹಿಂದಿನ ಎರಡು ಆ್ಯಕ್ಸಲ್ಲುಗಳಲ್ಲಿ ಜೋಡಿ ಟೈರುಗಳಿರುವುದರಿಂದ ಟೈರುಗಳ ಲೆಕ್ಕ ಹತ್ತಾಗುತ್ತದೆ. ಜಿ.ಎಂ.ಸಿ. ಕಂಪನಿ ಒಂದೇ 5.5 ಲಕ್ಷಕ್ಕೂ ಹೆಚ್ಚು ಇಂಥ ಲಾರಿಗಳನ್ನು ತಯಾರಿಸಿತು. ಅದರ ಹೆಸರು ‘ಸಿ.ಸಿ.ಕೆ.ಡಬ್ಲ್ಯು.’. ಮೊದಲ ‘ಸಿ’ 1941ರ ವಿನ್ಯಾಸವೆಂಬುದನ್ನೂ, ಎರಡನೆಯ ‘ಸಿ’ ಸಾಮಾನ್ಯ ಮಾದರಿಯ ಕ್ಯಾಬಿನ್ ಎಂಬುದನ್ನೂ, ‘ಕೆ’ ಮುಂದಿನ ಗಾಲಿಗಳಿಗೂ ಇಂಜಿನ್ನಿನ ಬಲ ಹರಿಯುತ್ತದೆಂಬುದನ್ನೂ, ‘ಡಬ್ಲ್ಯು’ ಹಿಂದಿನ ಎರಡು ಆ್ಯಕ್ಸಲ್ಲುಗಳಿಗೂ ಹರಿಯುತ್ತದೆಂಬುದನ್ನೂ ಸೂಚಿಸುತ್ತವೆ. ‘ಕೆ’ ಅಕ್ಷರ ಬಿಟ್ಟುಹೋಗಿ ‘ಸಿ.ಸಿ.ಡಬ್ಲ್ಯು.’ ಎಂದಿದ್ದರೆ ಮುಂದಿನ ಗಾಲಿಗಳು ಕೇವಲ ಹೊರೆ ಹೊರುತ್ತವೆ, ಎಳೆಯುವುದಿಲ್ಲ. ಹೆಸರಿನ ಫಲಕ ಕಳಚಿಹೋಗಿದ್ದರೆ ಬಗ್ಗಿ ಲಾರಿಯ ಕೆಳಗೆ ನೋಡಬೇಕು. ಮುಂದಿನ ಆ್ಯಕ್ಸಲ್ಲಿನಲ್ಲಿ ಡಿಫರೆನ್ಷಿಯಲ್ಲಿನ ಗುಂಡನೆಯ ಉಬ್ಬು ಇದ್ದರೆ ಅದು ‘ಕೆ’, ಬರಿಯ ದಂಡವಿದ್ದರೆ ಅಲ್ಲ.

ಬಗ್ಗಿದ್ದೇವಾದ್ದರಿಂದ ಇನ್ನೊಂದನ್ನೂ ನೋಡಿಬಿಡೋಣ. ಜಿ.ಎಂ.ಸಿ. ಲಾರಿಗಳ ಆ್ಯಕ್ಸಲ್ಲುಗಳಲ್ಲಿ ಎರಡು ಬಗೆ. ಒಂದರ ನಡುಭಾಗ ಬ್ಯಾಂಜೋ ವಾದ್ಯದ ಬುರುಡೆಯಂತೆ ಇಡಿಯಾಗಿ ದುಂಡಗಿದೆ. ಇನ್ನೊಂದು ಟಿಮ್ಕೆನ್ ಕಂಪನಿಯದು, ಎರಡು ಹೋಳುಗಳನ್ನು ನಡುವೆ ಬೋಲ್ಟು ಹಾಕಿ ಕೂಡಿಸಿದ ಗೆರೆ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಲಾರಿಯ ಬೇಡಿಕೆ ಒಂದೇ ಕಂಪನಿಯ ಆ್ಯಕ್ಸಲ್ಲುಗಳಿಂದ ಪೂರೈಸಲಾರದಷ್ಟು ದೊಡ್ಡದಾಗಿತ್ತು. ರಣರಂಗದಲ್ಲಿ ಈ ಭೇದ ಜೀವನ್ಮರಣದ ವಿಷಯ. ಮೇಲಿನಿಂದ ಅವಳಿಗಳಂತೆ ಕಾಣುವ ಎರಡು ಲಾರಿಗಳಲ್ಲಿ ಒಂದರ ಬಿಡಿಭಾಗ ಇನ್ನೊಂದಕ್ಕೆ ಕೂರುವುದಿಲ್ಲ. ರಕ್ತದ ಗುಂಪು ನೋಡದೆ ರಕ್ತ ಕೊಡಲಾಗದಂತೆಯೇ ಆ್ಯಕ್ಸಲ್ಲಿನ ಗುಂಪು ನೋಡದೆ ಬಿಡಿಭಾಗ ತರಿಸುವಂತಿರಲಿಲ್ಲ. ಗುರುತಿಸುವ ವಿದ್ಯೆ ಹವ್ಯಾಸಿಗಳ ಕೈಗೆ ಬರುವ ಮೊದಲು ಮಿಲಿಟರಿ ಮೆಕ್ಯಾನಿಕ್ಕುಗಳ ಅನ್ನದ ವಿದ್ಯೆಯಾಗಿತ್ತು.

ಇದೇ ಲಾರಿಯ ಮೊದಲ ಮಾದರಿಗಳಿಗೆ ಉಕ್ಕಿನ ಮುಚ್ಚಿದ ಕ್ಯಾಬಿನ್. ಉಕ್ಕನ್ನೂ ಹಡಗಿನ ಜಾಗವನ್ನೂ ಉಳಿಸಲೆಂದು 1943-44ರಲ್ಲಿ ಕ್ಯಾನ್ವಾಸಿನ ತೆರೆದ ಕ್ಯಾಬಿನ್ನಿಗೆ ಬದಲಾಯಿಸಿದರು. ಚಿತ್ರದಲ್ಲಿ ಕ್ಯಾನ್ವಾಸಿನ ಮಾಡು ಕಂಡರೆ ಅಲ್ಲಿಯೂ ‘ಇದಕ್ಕೆ ಮೊದಲಲ್ಲ’ ಎಂಬ ಎಲ್ಲೆ ಸಿಕ್ಕಂತೆ.

ಇನ್ನು ಸೋವಿಯತ್ ರಷ್ಯಾಕ್ಕೆ ಹೋದ ಲಾರಿಗಳು. 1941ರ ಮಾರ್ಚ್ 11ರಂದು ಅಮೆರಿಕದಲ್ಲಿ ಜಾರಿಗೆ ಬಂದ ಲೆಂಡ್-ಲೀಸ್ ಕಾಯಿದೆಯ ಮೇರೆಗೆ ಆ ದೇಶಕ್ಕೆ 4 ಲಕ್ಷಕ್ಕೂ ಹೆಚ್ಚು ಲಾರಿ ಮತ್ತು ಜೀಪುಗಳು ಸಂದವು. ಅವುಗಳಲ್ಲಿ ರಷ್ಯನ್ನರ ಮನಸ್ಸಿನಲ್ಲಿ ಉಳಿದದ್ದು ಇಂಡಿಯಾನಾದ ಸೌತ್‌ಬೆಂಡಿನ ಸ್ಟೂಡಿಬೇಕರ್. ಇದೂ ಎರಡೂವರೆ ಟನ್ನಿನ, ಹತ್ತು ಟೈರಿನ ಲಾರಿಯೇ. ಹೀಗಿದ್ದೂ ಅಮೆರಿಕದ ಸೈನ್ಯ ತನ್ನ ಯೂರೋಪಿನ ರಣರಂಗಕ್ಕೆ ಜಿ.ಎಂ.ಸಿ.ಯನ್ನು ಒಯ್ದು, ಸುಮಾರು 2 ಲಕ್ಷ ಸ್ಟೂಡಿಬೇಕರುಗಳಲ್ಲಿ ಬಹುಪಾಲನ್ನು ರಷ್ಯಾಕ್ಕೆ ಕೊಟ್ಟುಬಿಟ್ಟಿತು. ಸ್ಟೂಡಿಬೇಕರಿನಲ್ಲಿ ದೋಷವಿದ್ದುದರಿಂದಲ್ಲ. ಅದರ ಇಂಜಿನ್ ಹರ್ಕ್ಯುಲಿಸ್ ಕಂಪನಿಯದು, ಜಿ.ಎಂ.ಸಿ.ಯದು ಅದರ ಸ್ವಂತದ್ದು. ಒಂದೇ ರಣರಂಗದಲ್ಲಿ ಎರಡು ಜಾತಿಯ ಲಾರಿಗಳಿದ್ದರೆ ಎರಡು ಜಾತಿಯ ಬಿಡಿಭಾಗಗಳ ಉಗ್ರಾಣ ಬೇಕು. ಆ ತೊಡಕನ್ನು ತಪ್ಪಿಸಲು ಒಂದು ಜಾತಿಯನ್ನು ತಾನಿಟ್ಟುಕೊಂಡು ಇನ್ನೊಂದನ್ನು ಮಿತ್ರನಿಗೆ ಕೊಟ್ಟದ್ದು ಶುದ್ಧ ಗೃಹಕೃತ್ಯದ ಜಾಣತನ.

ರಷ್ಯನ್ನರು ಈ ಲಾರಿಯ ಬೆನ್ನ ಮೇಲೆ ‘ಕತ್ಯೂಷಾ’ ಎಂಬ ರಾಕೆಟ್ ಹಾರಿಸುವ ಕಂಬಿಗಳನ್ನು ಕೂರಿಸಿದರು. ಮೊದಲಲ್ಲಿ ಇವು ಅವರದೇ ಜಿಸ್ ಲಾರಿಗಳ ಮೇಲಿದ್ದವು, 1943ರಿಂದ ಸ್ಟೂಡಿಬೇಕರ್ ಅವಕ್ಕೆ ನಿಯತ ವಾಹನವಾಯಿತು. ಕಂಬಿಗಳನ್ನು ನೋಡಿ ಲಾರಿಯೂ ರಷ್ಯದ್ದೆಂದು ತಿಳಿಯುವವರಿಗೆ, ಅದರ ಮೂತಿಯನ್ನು ನೋಡಿರಿ ಎಂದಷ್ಟೇ ಹೇಳಬೇಕಾಗುತ್ತದೆ.

ಈ ಲಾರಿಗಳು ಹೋದ ದಾರಿಗಳಲ್ಲಿ ಒಂದು ಇರಾನಿನ ಮೂಲಕ ಸಾಗಿತ್ತು. ಬಿಡಿಬಿಡಿಯಾಗಿ ಪೆಟ್ಟಿಗೆಗಳಲ್ಲಿ ತುಂಬಿ ಹಡಗಿನಲ್ಲಿ ತಂದ ಲಾರಿಗಳನ್ನು ಅಂದಿಮಿಶ್ಕ್ ಮತ್ತು ಖೋರಮ್‌ಶಹರ್ ಎಂಬ ಊರುಗಳಲ್ಲಿ ಜೋಡಿಸಿ ಉತ್ತರಕ್ಕೆ ಓಡಿಸುತ್ತಿದ್ದರು. ಉರಿಬಿಸಿಲಿನಲ್ಲಿ ಜೋಡಿಸಿದ ಕೈಗಳು ಸಾವಿರಾರು ಇರಾನಿ ಕಾರ್ಮಿಕರವು. ಫಲಕದ ಮೇಲೆ ಸೌತ್‌ಬೆಂಡಿನ ಹೆಸರಿದೆ, ಅವರ ಹೆಸರಿಲ್ಲ.

ಜೀಪನ್ನೂ ಇಲ್ಲಿ ಸೇರಿಸಬೇಕು, ಏಕೆಂದರೆ ಅಮೆರಿಕದ ಸೈನ್ಯದ ದಫ್ತರದಲ್ಲಿ ಅದರ ಹೆಸರೇ ‘ಕಾಲು ಟನ್ನಿನ ಟ್ರಕ್’. ಅದನ್ನು ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳೆರಡೂ ಒಂದೇ ನಕ್ಷೆಯಂತೆ ತಯಾರಿಸಿದವು. ಮುಂದಿನ ಬಂಪರಿನ ಹಿಂದೆ ಬಗ್ಗಿ ನೋಡಿದರೆ ಚಾಸಿಯ ಅಡ್ಡಪಟ್ಟಿ ಕಾಣುತ್ತದೆ. ಅದು ಕೊಳವೆಯಂತೆ ದುಂಡಗಿದ್ದರೆ ವಿಲ್ಲೀಸ್, ತಲೆಕೆಳಗಾದ ದೋಣಿಯಂತಿದ್ದರೆ ಫೋರ್ಡ್. ಫೋರ್ಡಿನವರು ತಮ್ಮ ಬೋಲ್ಟುಗಳ ತಲೆಯ ಮೇಲೂ ‘ಎಫ್’ ಅಕ್ಷರವನ್ನು ಒತ್ತುತ್ತಿದ್ದರು.

ನಮ್ಮ ಮಲೆನಾಡಿನ ಕಾಫಿ, ಅಡಿಕೆ ತೋಟಗಳ ಬಂಧುಗಳು ತಮ್ಮಲ್ಲಿಯೂ ಒಂದು ಮಿಲಿಟರಿ ಜೀಪು ಇತ್ತೆಂದು ಹೇಳುವುದುಂಟು. ಅವರು ಒಂದು ಲೆಕ್ಕ ಮಾಡಬಹುದು. ಮುಂಭಾಗದ ತಗಡಿನ ಗ್ರಿಲ್ಲಿನಲ್ಲಿ ನಿಂತ ಸೀಳುಗಳು ಎಷ್ಟು? ಒಂಬತ್ತಿದ್ದರೆ ಅದು ಯುದ್ಧಕಾಲದ್ದು. ಏಳಿದ್ದರೆ ಯುದ್ಧದ ನಂತರ ನಾಗರಿಕರಿಗಾಗಿ ಮಾಡಿದ ಮಾದರಿ, ಮಹೀಂದ್ರ ಕಂಪನಿ 1947ರಿಂದ ಭಾರತದಲ್ಲಿ ಜೋಡಿಸತೊಡಗಿದ ಜೀಪುಗಳ ಸಂತತಿ. ಇನ್ನೊಂದು ಗುರುತೂ ಉಂಟು. ಯುದ್ಧದ ಜೀಪಿಗೆ ಹಿಂದೆ ಇಳಿಸುವ ಬಾಗಿಲಿಲ್ಲ, ಸ್ಟೆಪ್ನಿ ಹಿಂಭಾಗದಲ್ಲೇ ನೇತಾಡುತ್ತದೆ. ಅಡಿಕೆಯ ಮೂಟೆ ಏರಿಸಲು ಹಿಂದಿನ ಬಾಗಿಲು ಬೇಕಾದದ್ದು ಶಾಂತಿಕಾಲದಲ್ಲಿ.

ಇಷ್ಟರವರೆಗೆ ಹೇಳಿದ್ದು ಲಾರಿಯ ಮೂಳೆಗಳ ಮಾತು. ಕೊನೆಯ ಪ್ರಶ್ನೆ, ಬಳಸಿದವರು ಯಾರೆಂಬುದು, ಅದರ ಬಟ್ಟೆಯನ್ನು ಓದಿ ಕಂಡುಕೊಳ್ಳತಕ್ಕದ್ದು. ಬಟ್ಟೆಯೆಂದರೆ ಬಣ್ಣ, ಅಂಕಿ, ಚಿಹ್ನೆ. ಬ್ರಿಟಿಷ್ ಪದ್ಧತಿಯಲ್ಲಿ ಬಾನೆಟ್ಟಿನ ಬದಿಯ ಸಂಖ್ಯೆಯ ಮೊದಲ ಅಕ್ಷರ ‘ಎಲ್’ ಆಗಿದ್ದರೆ ದೊಡ್ಡ ಲಾರಿ, ‘ಝಡ್’ ಆಗಿದ್ದರೆ ಚಿಕ್ಕದು, ‘ಎ’ ಆಗಿದ್ದರೆ ಆಂಬುಲೆನ್ಸ್. ಅದೇ ವಿಂಡ್ಸರಿನ ಲಾರಿ ಕೆನಡಾದ ಸೈನ್ಯಕ್ಕೆ ಹೋದಾಗ ಮುಂದೆ ‘ಸಿ’ ಸೇರಿ ‘ಸಿ.ಎಲ್.’, ‘ಸಿ.ಝಡ್.’ ಎಂದಾಗುತ್ತದೆ. ಅಮೆರಿಕದ ಸೈನ್ಯದಲ್ಲಿ ಎರಡೂವರೆ ಟನ್ನಿನ ಲಾರಿಯ ಸಂಖ್ಯೆ 4ರಿಂದ ಆರಂಭವಾಗುತ್ತದೆ. ಕೊನೆಯಲ್ಲಿ ‘ಎಸ್’ ಇದ್ದರೆ ವೈರ್‌ಲೆಸ್ಸಿಗೆ ತೊಂದರೆಯಾಗದಂತೆ ಅದರ ವಿದ್ಯುತ್ ವ್ಯವಸ್ಥೆಯನ್ನು ಹದಗೊಳಿಸಿದೆ ಎಂದರ್ಥ. ಭಾರತೀಯ ದಳಗಳಿಗೂ ಅವುಗಳದೇ ಚಿಹ್ನೆಗಳಿದ್ದವು. ನಾಲ್ಕನೆಯ ಭಾರತೀಯ ಡಿವಿಷನ್ನಿನದು ಕೆಂಪು ಹದ್ದು, ಐದನೆಯದರದು ಕಪ್ಪು ಹಿನ್ನೆಲೆಯ ಮೇಲೆ ಕೆಂಪು ಚೆಂಡು. ಚಿತ್ರದಲ್ಲಿ ಮಡ್‌ಗಾರ್ಡಿನ ಮೇಲೆ ಅಂಗೈಯಗಲದ ಹದ್ದು ಮಸುಕಾಗಿ ಕಂಡರೂ ಸಾಕು, ಆ ತರುಣನ ಹೆಜ್ಜೆಯನ್ನು ಎರಿಟ್ರಿಯಾ, ಉತ್ತರ ಆಫ್ರಿಕಾ, ಇಟಲಿಯ ಕ್ಯಾಸಿನೋಗಳವರೆಗೆ ಹಿಂಬಾಲಿಸುವ ದಾರಿ ತೆರೆಯುತ್ತದೆ.

ಆದರೆ ಬಟ್ಟೆ ಬದಲಾಯಿಸಬಹುದಾದ್ದು. ಬಿಳಿಯ ನಕ್ಷತ್ರ ಕಂಡೊಡನೆ ಅಮೆರಿಕದ ಸೈನ್ಯವೆನ್ನುವಂತಿಲ್ಲ. 1944ರ ನಾರ್ಮಂಡಿ ದಾಳಿಯ ವೇಳೆಗೆ ಅದು ಮಿತ್ರರಾಷ್ಟ್ರಗಳ ಸೈನ್ಯಗಳಿಗೆಲ್ಲ ಸಾಮಾನ್ಯ ಚಿಹ್ನೆಯಾಗಿತ್ತು. ಯುದ್ಧಾನಂತರ ಈ ಲಾರಿಗಳನ್ನು ಫ್ರಾನ್ಸ್, ನಾರ್ವೆ, ಹಾಲೆಂಡ್ ಮೊದಲಾದ ದೇಶಗಳ ಸೈನ್ಯಗಳು ವರ್ಷಗಟ್ಟಲೆ ಬಳಸಿ, ಬಣ್ಣ ಬದಲಿಸಿ, ಇಂಜಿನ್ ಬದಲಿಸಿ, ಕೊನೆಗೆ ಹರಾಜು ಹಾಕಿದವು. ಇಂದು ಅವುಗಳನ್ನು ಕೊಂಡು ದುರಸ್ತಿ ಮಾಡುವ ಉತ್ಸಾಹಿಗಳಲ್ಲಿ ಬಹುಜನಕ್ಕೆ ತಮ್ಮ ಲಾರಿ ನಾರ್ಮಂಡಿಯಲ್ಲಿ ಇಳಿದದ್ದಾಗಿರಬೇಕೆಂಬ ಆಸೆ. ಹಳೆಯ ಬಣ್ಣದ ಪದರಗಳನ್ನೆಲ್ಲ ಕೆರೆದು ತೆಗೆದು, ಮೇಲೆ ಹೊಸ ನಕ್ಷತ್ರ ಬರೆಸುತ್ತಾರೆ. ಹಾಗೆ ಕೆರೆದ ಧೂಳಿನಲ್ಲಿ ಆ ಲಾರಿಯ ನಿಜವಾದ ಜೀವನಚರಿತ್ರೆ ಹಾರಿಹೋಗುತ್ತದೆ. ವೈದ್ಯನಾದವನು ರೋಗಿಯ ಹಳೆಯ ಗಾಯದ ಕಲೆಗಳನ್ನು ನೋಡಿ ಅವನ ಚರಿತ್ರೆಯನ್ನು ತಿಳಿಯುತ್ತಾನೆಯೇ ಹೊರತು ಅವನ್ನು ಉಜ್ಜಿ ಅಳಿಸಲು ಹೊರಡುವುದಿಲ್ಲ.

ಆದ್ದರಿಂದ ನಾವು ಹೇಳಬಯಸುವ ಕ್ರಮ ಇಷ್ಟು. ಬದಲಾಯಿಸಲು ಅತಿ ಕಷ್ಟವಾದುದನ್ನು ಮೊದಲು ನೋಡಬೇಕು: ಚಾಸಿ, ಆ್ಯಕ್ಸಲ್, ಸ್ಟೀರಿಂಗಿನ ಬದಿ. ಬಳಿಕ ಕ್ಯಾಬಿನ್ ಮತ್ತು ಜಾಲರಿ. ಆ ಮೇಲೆ ಇಂಜಿನ್, ಏಕೆಂದರೆ ಅಂಗಕಸಿ ಲಾರಿಗಳಿಗೂ ಧಾರಾಳವಾಗಿ ನಡೆದಿದೆ. ಬಣ್ಣ, ಅಂಕಿ, ನಕ್ಷತ್ರಗಳು ಎಲ್ಲಕ್ಕೂ ಕೊನೆಗೆ. ಮೂಳೆಯೂ ಬಟ್ಟೆಯೂ ಒಂದೇ ಮಾತನ್ನು ಹೇಳಿದರೆ ಸಂತೋಷ. ಬೇರೆ ಬೇರೆ ಹೇಳಿದರೆ ಮೂಳೆಯ ಮಾತನ್ನು ನಂಬಬೇಕು, ಬಟ್ಟೆ ಏಕೆ ಬೇರೆಯಾಯಿತೆಂದು ವಿಚಾರಿಸಬೇಕು.

ಈ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕಿದ ಮೇಲೂ ನಾಲ್ಕನೆಯದೊಂದು ಉಳಿಯುತ್ತದೆ: ಓಡಿಸಿದವರು ಯಾರು? 1944ರ ಆಗಸ್ಟ್ 25ರಿಂದ ನವೆಂಬರ್ 16ರವರೆಗೆ ಫ್ರಾನ್ಸಿನಲ್ಲಿ ‘ರೆಡ್ ಬಾಲ್ ಎಕ್ಸ್‌ಪ್ರೆಸ್’ ಎಂಬ ಲಾರಿಗಳ ಸಾಲು ಹಗಲಿರುಳು ಓಡಿ, ಮುನ್ನುಗ್ಗುತ್ತಿದ್ದ ಅಮೆರಿಕದ ಸೈನ್ಯಗಳಿಗೆ ಪೆಟ್ರೋಲು, ಮದ್ದುಗುಂಡು, ಆಹಾರ ಮುಟ್ಟಿಸಿತು. ಅದರ ಡ್ರೈವರುಗಳಲ್ಲಿ ಸುಮಾರು ಮುಕ್ಕಾಲು ಪಾಲು ಕರಿಯ ಅಮೆರಿಕನ್ನರು. ಬಿಳಿಯರ ಪಂಕ್ತಿಯಲ್ಲಿ ಕುಳಿತು ಉಣ್ಣಲು ಅವರಿಗೆ ಅವಕಾಶವಿರಲಿಲ್ಲ. ಸೈನ್ಯದಲ್ಲಿ ವರ್ಣಭೇದ ಕೊನೆಗಾಣಬೇಕೆಂಬ ಅಧ್ಯಕ್ಷ ಟ್ರೂಮನ್ ಅವರ ಆಜ್ಞೆ ಹೊರಟದ್ದು 1948ರ ಜುಲೈ 26ರಂದು. ಭಾರತದ ನೆಲದಲ್ಲಿಯೇ, ಅಸ್ಸಾಮಿನ ಲೀಡೋದಿಂದ ಬರ್ಮಾದ ಕಾಡುಗಳ ಮೂಲಕ ಚೀನಾಕ್ಕೆ ರಸ್ತೆ ಕಡಿದವರಲ್ಲಿಯೂ ಅವರ ಪಾಲು ಬಹು ದೊಡ್ಡದು. ಆ ರಸ್ತೆಯ ಮೊದಲ ಲಾರಿಸಾಲು 1945ರ ಜನವರಿ 12ರಂದು ಲೀಡೋ ಬಿಟ್ಟು ಫೆಬ್ರವರಿ 4ರಂದು ಚೀನಾದ ಕುನ್‌ಮಿಂಗ್ ಸೇರಿತು.

ಭಾರತೀಯ ಸೈನ್ಯದಲ್ಲಿ ಈ ಹೊರೆ ಹೊತ್ತದ್ದು ರಾಯಲ್ ಇಂಡಿಯನ್ ಆರ್ಮಿ ಸರ್ವಿಸ್ ಕೋರ್. ಅದರ ಉತ್ತರಾಧಿಕಾರಿಯಾದ ಆರ್ಮಿ ಸರ್ವಿಸ್ ಕೋರ್‌ನ ಕೇಂದ್ರ ಮತ್ತು ಕಾಲೇಜು ಇಂದು ನಮ್ಮ ಬೆಂಗಳೂರಿನಲ್ಲಿದೆ. ಕೆನಡಾದ ಚಾಸಿಗೆ ಭಾರತದಲ್ಲಿ ಉಕ್ಕಿನ ಕವಚ ತೊಡಿಸಿ ಮಾಡಿದ ‘ಇಂಡಿಯನ್ ಪ್ಯಾಟರ್ನ್ ಕ್ಯಾರಿಯರ್’ ಎಂಬ ವಾಹನಗಳೇ 4,600ಕ್ಕೂ ಹೆಚ್ಚು. ವಿಂಡ್ಸರಿನ ಮೂಳೆ, ಟಾಟಾ ಉಕ್ಕಿನ ಚರ್ಮ ಎನ್ನಬಹುದು.

ಇಲ್ಲಿ ಒಂದು ಸಂಗತಿಯನ್ನು ಮರೆಯಲಾಗದು. ವಿಂಡ್ಸರಿನ ಲಾರಿ ಭಾರತದ ಬಂದರುಗಳಿಗೆ ಯಾವ ಅಡ್ಡಿಯೂ ಇಲ್ಲದೆ ಹೋಗುತ್ತಿತ್ತು. ಅದನ್ನು ಓಡಿಸಿದ ಭಾರತೀಯನು ವಿಂಡ್ಸರಿಗೆ ಬರುವಂತಿರಲಿಲ್ಲ. ತಾಯ್ನಾಡಿನಿಂದ ಎಲ್ಲಿಯೂ ತಂಗದೆ ಒಂದೇ ಪ್ರಯಾಣದಲ್ಲಿ ಬಂದವರಿಗೆ ಮಾತ್ರ ಪ್ರವೇಶ ಎಂಬ 1908ರ ನಿಯಮ ಭಾರತೀಯರಿಗೆ ಕೆನಡಾದ ಬಾಗಿಲನ್ನು ಮುಚ್ಚಿತ್ತು. 1914ರಲ್ಲಿ ‘ಕೊಮಾಗಾಟ ಮಾರು’ ಹಡಗಿನ 376 ಪ್ರಯಾಣಿಕರಲ್ಲಿ ಬಹುತೇಕ ಎಲ್ಲರನ್ನೂ ವ್ಯಾಂಕೂವರಿನಿಂದ ಹಿಂದಕ್ಕಟ್ಟಿದ್ದು ಆ ನಿಯಮದ ಬಲದಿಂದಲೇ. ಇಲ್ಲಿ ಮೊದಲೇ ನೆಲೆಸಿದ್ದ ಭಾರತೀಯರಿಗೆ ಮತದಾನದ ಹಕ್ಕು ದೊರೆತದ್ದು 1947ರಲ್ಲಿ. 1951ರಲ್ಲಿ ವರ್ಷಕ್ಕೆ 150 ಭಾರತೀಯರಿಗೆ ಎಂದು ಬಾಗಿಲು ಸಂದಿಯಷ್ಟು ತೆರೆಯಿತು. ಜನಾಂಗವನ್ನು ನೋಡದೆ ಅರ್ಹತೆಯನ್ನು ನೋಡುವ ಪದ್ಧತಿ 1967ರಲ್ಲಿ ಬಂತು. ಎಂ.ಬಿ.ಬಿ.ಎಸ್. ಪದವಿ ಹಿಡಿದು ಬಂದ ನಮ್ಮಂಥವರನ್ನು ಈ ದೇಶ ಬರಮಾಡಿಕೊಂಡದ್ದು ಆ ತೆರೆದ ಬಾಗಿಲಿನಿಂದ. ಅದು ತೆರೆಯುವುದಕ್ಕೆ ಎರಡು ದಶಕಗಳಿಗೂ ಹಿಂದೆ, ಇದೇ ದೇಶದ ಲಾರಿಗಳನ್ನು ಇದೇ ದೇಶದ ಮಿತ್ರಪಕ್ಷಕ್ಕಾಗಿ ಓಡಿಸಿದ ನಮ್ಮವರು ಇದ್ದರೆಂಬುದನ್ನು ನಮ್ಮ ಮಕ್ಕಳು ತಿಳಿಯಬೇಕು. ಈ ದೇಶದೊಂದಿಗೆ ನಮ್ಮ ಸಂಬಂಧ ನಾವು ವಿಮಾನದಿಂದ ಇಳಿದ ದಿನ ಆರಂಭವಾದದ್ದಲ್ಲ.

ಕೊನೆಯದಾಗಿ ಎರಡು ಪ್ರಾರ್ಥನೆಗಳು. ಮುಂದಿನ ಬಾರಿ ಊರಿಗೆ ಹೋದಾಗ ಮನೆಯ ಹಳೆಯ ಟ್ರಂಕುಗಳನ್ನು ತೆರೆದು ನೋಡಿರಿ. ಸೈನ್ಯದಲ್ಲಿದ್ದ ಹಿರಿಯರ ಚಿತ್ರ ಸಿಕ್ಕರೆ ಅದರ ಮುಂಬದಿಯನ್ನೂ ಹಿಂಬದಿಯನ್ನೂ ಸ್ಕ್ಯಾನ್ ಮಾಡಿಸಿರಿ. ಚಿತ್ರದಲ್ಲಿರುವವರು ಯಾರೆಂದು ಬಲ್ಲ ಹಿರಿಯರು ಇನ್ನೂ ಇದ್ದರೆ, ಹೆಸರನ್ನು ಮೆತ್ತಗಿನ ಪೆನ್ಸಿಲಿನಿಂದ ಹಿಂಬದಿಯಲ್ಲಿ ಬರೆದಿಡಿರಿ. ಮುಖಕ್ಕೆ ಮಾತ್ರ ಬೇಕೆಂದು ಚಿತ್ರವನ್ನು ಕತ್ತರಿಸಿ ಚೌಕಟ್ಟು ಹಾಕಿಸಬೇಡಿರಿ, ಅಂಚಿನಲ್ಲಿರುವ ಜಾಲರಿಯ ಚೂರೇ ಕಾಲವನ್ನು ಹೇಳುವ ಸಾಕ್ಷಿಯಾಗಿರಬಹುದು.

ಎರಡನೆಯದು, ಒಂದು ಭಾನುವಾರ ಮಕ್ಕಳನ್ನು ಆಟವಾದ ಕೆನೇಡಿಯನ್ ವಾರ್ ಮ್ಯೂಸಿಯಮ್ಮಿಗೋ, ಆಶವಾದ ಒಂಟಾರಿಯೋ ರೆಜಿಮೆಂಟಿನ ಮ್ಯೂಸಿಯಮ್ಮಿಗೋ ಕರೆದೊಯ್ಯಿರಿ. ಮೊಂಡು ಮೂತಿಯ ಲಾರಿ ಕಂಡರೆ ಅದರ ಮುಂದೆ ನಿಲ್ಲಿಸಿ, ಜಾಲರಿಯ ಕಣ್ಣು ಚೌಕವೋ ಡೈಮಂಡೋ ಎಂದು ಕೇಳಿರಿ. ಮಕ್ಕಳು ಕ್ಷಣದಲ್ಲಿ ಉತ್ತರ ಹೇಳುತ್ತಾರೆ. ಆಮೇಲೆ ಖಾಲಿಯಾಗಿರುವ ಡ್ರೈವರನ ಆಸನವನ್ನು ತೋರಿಸಿ, ಇಲ್ಲಿ ಕುಳಿತಿದ್ದವರು ಯಾರೆಂದು ಕೇಳಿರಿ. ಆ ಉತ್ತರವನ್ನು ನಾವೆಲ್ಲರೂ ಸೇರಿ ಹುಡುಕಬೇಕಾಗಿದೆ.